ಹಬ್ಬದ ಮಾರನೆಯ ದಿನ

ಗಣೇಶನ ಹಬ್ಬದ ಮಾರನೆಯ ದಿನ ಬೆಳಿಗ್ಗೆ ನನಗೆ ತಲೆ ಬಾಚಿಕೊಳ್ಳಲು ಆಗಲಿಲ್ಲ. ಬಾಚಣಿಗೆ ಹಿಡಿದ ಕೈ ಕಿವಿಯವರೆಗೆ ಬಂತು, ಅಲ್ಲಿಂದ ಮೇಲೆ ಹೋಗಲಿಲ್ಲ. ಕೊನೆಗೆ ಅತ್ತೆ ಬಂದು ಬಾಚಿ ಜಡೆ ಹಾಕಿದರು. ಏನೂ ಮಾತಾಡಲಿಲ್ಲ. ನನಗೆ ಆಗ 41 ವರ್ಷ.

ಇದು 2018ರ ಮಾತು. ಎರಡು ವರ್ಷದಿಂದ ಕಾಡುತ್ತಿದ್ದ ಮೈಕೈ ನೋವು ಅದರ ಹಿಂದಿನ ವಾರ ಕಡಿಮೆ ಇತ್ತು. ತಿಂಗಳುಗಟ್ಟಲೆ ಆದ ಮೇಲೆ ಮೈ ಹಗುರ ಅನಿಸಿತ್ತು. ಆ ಖುಷಿಯಲ್ಲಿ ಅಟ್ಟದ ಮೇಲಿನ ಪಾತ್ರೆಗಳನ್ನೆಲ್ಲ ಇಳಿಸಿ ತೊಳೆದೆ, ಕಿಟಕಿ ಬಾಗಿಲು ಒರೆಸಿದೆ, ಚಕ್ಕುಲಿ ಒತ್ತಿದೆ, ಹಬ್ಬದ ದಿನ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕಡುಬಿಗೆ ಕೂತೆ, ಬಂದವರಿಗೆಲ್ಲ ಬಡಿಸಿ ಕೊನೆಗೆ ಊಟ ಮಾಡುವಾಗ ಮೂರು ಗಂಟೆ. ಆಗಲೂ ನೋವು ಇರಲಿಲ್ಲ. ವಾಸಿಯಾಯಿತು ಅಂದುಕೊಂಡು ಮಲಗಿದವಳು ಬೆಳಿಗ್ಗೆ ಎದ್ದಾಗ ಕತ್ತು, ಹೆಗಲು, ಸೊಂಟ, ತೊಡೆ, ಹಿಮ್ಮಡಿ, ಬೆರಳುಗಳ ತನಕ ಯಾರೋ ದೊಣ್ಣೆಯಲ್ಲಿ ಹೊಡೆದು ಹಾಕಿದ ಹಾಗಿತ್ತು. ಅದು ಇಳಿಯಲು ಮೂರು ವಾರ ಹಿಡಿಯಿತು.

ಮೈಕೈ ನೋವು ಅಂದರೆ ನಮ್ಮಲ್ಲಿ ಯಾರೂ ಕಾಯಿಲೆ ಅಂದುಕೊಳ್ಳುವುದಿಲ್ಲ. ಜ್ವರಕ್ಕೆ ಮುಂಚೆ ಬರುತ್ತದೆ, ಗದ್ದೆ ಕೆಲಸ ಮಾಡಿದರೆ ಬರುತ್ತದೆ, ಬಸ್ಸಿನಲ್ಲಿ ದೂರ ಹೋಗಿ ಬಂದರೆ ಬರುತ್ತದೆ, ಬಿಸಿನೀರು ಹಾಕಿಕೊಂಡು ಮಲಗಿದರೆ ಹೋಗುತ್ತದೆ. ನನಗೂ ಹಾಗೇ ಅನಿಸಿತ್ತು. ನಾನು ಶಿವಮೊಗ್ಗದಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ದಿನಕ್ಕೆ ಐದು ಪೀರಿಯಡ್ ಕೈ ಎತ್ತಿ ಬೋರ್ಡ್ ಮೇಲೆ ಬರೆಯುವವಳಿಗೆ ಹೆಗಲು ನೋಯದೆ ಇರುತ್ತದಾ? 2016ರಲ್ಲಿ ಕತ್ತಿನಿಂದ ಶುರುವಾದ ನೋವು ನಿಧಾನವಾಗಿ ಇಡೀ ಮೈಗೆ ಹರಡಿತು. ಬಲಗಡೆ ಇದ್ದದ್ದು ಎಡಗಡೆಗೂ ಬಂತು, ಸೊಂಟದ ಮೇಲಿದ್ದದ್ದು ಕೆಳಗೂ ಇಳಿಯಿತು. ಒಂದು ದಿನ ಮಂಡಿ, ಒಂದು ದಿನ ಮೊಣಕೈ. ಮಗಳು ಪ್ರೀತಿಯಿಂದ ಹಿಂದಿನಿಂದ ಬಂದು ತಬ್ಬಿಕೊಂಡರೆ "ಅಯ್ಯೋ" ಅನ್ನುತ್ತಿದ್ದೆ. ಅವಳು ತಬ್ಬಿಕೊಳ್ಳುವುದನ್ನೇ ಬಿಟ್ಟಳು. ಈ ಕಾಯಿಲೆಯಲ್ಲಿ ನನಗೆ ಇವತ್ತಿಗೂ ಅತಿ ಹೆಚ್ಚು ಬೇಜಾರಾಗುವ ವಿಷಯ ಅದೇ.

ಮೂರು ವರ್ಷ ಅಲೆದೆ. ಕತ್ತಿನ ಎಕ್ಸ್‌ರೇ ತೆಗೆದು ಸ್ವಲ್ಪ ಸವೆತ ಇದೆ ಅಂದರು, ಬೆಲ್ಟ್ ಕೊಟ್ಟರು. ವಿಟಮಿನ್ ಡಿ ಕಡಿಮೆ ಇತ್ತು, ಅದು ಸರಿಯಾದ ಮೇಲೂ ನೋವು ಹಾಗೇ ಇತ್ತು. ಥೈರಾಯ್ಡ್ ಸರಿ ಇದೆ, ಮೈಯಲ್ಲಿ ಉರಿಯೂತ ಇದೆಯಾ ಅಂತ ನೋಡುವ ರಕ್ತಪರೀಕ್ಷೆಗಳು, ಇಎಸ್‌ಆರ್ ಸರಿ ಇದೆ, ಸಿಆರ್‌ಪಿ ಸರಿ ಇದೆ, ಸಂಧಿವಾತದ ಪರೀಕ್ಷೆ ಸರಿ ಇದೆ. ಒಬ್ಬ ಡಾಕ್ಟರು ರಿಪೋರ್ಟ್ ಫೈಲನ್ನು ಮುಚ್ಚಿ ನನ್ನ ಕಡೆ ತಳ್ಳಿ, "ಏನೂ ಇಲ್ಲಮ್ಮ, ಟೆನ್ಷನ್ ಕಡಿಮೆ ಮಾಡಿಕೊಳ್ಳಿ" ಅಂದರು. ರಿಪೋರ್ಟ್ ಚೆನ್ನಾಗಿದೆ ಅಂದರೆ ಖುಷಿಯಾಗಬೇಕು ಅಲ್ವಾ? ನಾನು ಆಟೋದಲ್ಲಿ ಕೂತು ಅತ್ತುಬಿಟ್ಟೆ. ಏನಾದರೂ ಸಿಕ್ಕಿದ್ದರೆ ಮನೆಯಲ್ಲಿ ತೋರಿಸಬಹುದಿತ್ತು. ಈಗ ಏನಂತ ಹೇಳಲಿ?

2019ರಲ್ಲಿ ಸ್ಟಾಫ್ ರೂಮಿನ ಗೆಳತಿಯೊಬ್ಬರು ರುಮಟಾಲಜಿಸ್ಟ್, ಅಂದರೆ ಕೀಲು, ವಾತದ ಕಾಯಿಲೆಗಳನ್ನು ನೋಡುವ ಡಾಕ್ಟರ ಹತ್ತಿರ ಹೋಗಿ ಬನ್ನಿ ಅಂದರು. ಆ ಡಾಕ್ಟರು ಮೊದಲು ಕೇಳಿದ್ದು ನೋವಿನ ಬಗ್ಗೆ ಅಲ್ಲ. "ಬೆಳಿಗ್ಗೆ ಎದ್ದಾಗ ನಿದ್ದೆ ಮಾಡಿದ ಹಾಗೆ ಅನಿಸುತ್ತದಾ?" ಅಂತ ಕೇಳಿದರು. ಯಾರೂ ಅದನ್ನು ಕೇಳಿರಲಿಲ್ಲ. ಎಂಟು ಗಂಟೆ ಮಲಗಿದರೂ ರಾತ್ರಿಯಿಡೀ ಮೂಟೆ ಹೊತ್ತವಳ ಹಾಗೆ ಏಳುತ್ತಿದ್ದೆ. ಆಮೇಲೆ ಮರೆವಿನ ಬಗ್ಗೆ ಕೇಳಿದರು. ಆಗ ನನಗೆ ಹತ್ತನೆಯ ಕ್ಲಾಸಿನಲ್ಲಿ ಆದದ್ದು ನೆನಪಾಯಿತು. ಪೈಥಾಗೊರಸ್ ಪ್ರಮೇಯ ಮಾಡುತ್ತಿದ್ದೆ. ಚಿತ್ರ ಬರೆದು, ಲಂಬಕೋನ ತೋರಿಸಿ, ಎದುರಿನ ಬಾಹುವಿನ ಮೇಲೆ ಕೈ ಇಟ್ಟವಳಿಗೆ 'ವಿಕರ್ಣ' ಅನ್ನುವ ಪದವೇ ಬರಲಿಲ್ಲ. ಹದಿನೈದು ವರ್ಷ ದಿನಾ ಹೇಳಿದ ಪದ. ಮುಂದಿನ ಬೆಂಚಿನ ಹುಡುಗಿ ಮೆಲ್ಲಗೆ ಹೇಳಿಕೊಟ್ಟಳು. ಈ ಮಂಜು ಕವಿದ ಹಾಗಾಗುವುದೂ ಇದೇ ಕಾಯಿಲೆಯ ಭಾಗ ಅಂತ ಡಾಕ್ಟರು ಹೇಳಿದಾಗ ಎದೆಯ ಮೇಲಿದ್ದ ಕಲ್ಲು ಇಳಿದ ಹಾಗಾಯಿತು.

ಫೈಬ್ರೊಮಯಾಲ್ಜಿಯಾ. ಹೆಸರು ಇದು.

ಅದಕ್ಕೆ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಪರೀಕ್ಷೆಗಳನ್ನು ಮಾಡಿಸುವುದು ಬೇರೆ ಕಾಯಿಲೆ ಇಲ್ಲವಲ್ಲ ಎಂದು ನೋಡಿಕೊಳ್ಳಲು. ಮೊದಲೆಲ್ಲ, 1990ರ ನಿಯಮದ ಪ್ರಕಾರ, ಮೈಮೇಲೆ 18 ಜಾಗಗಳನ್ನು ಬೆರಳಿನಿಂದ ಸುಮಾರು 4 ಕಿಲೋ ಭಾರದಷ್ಟು ಒತ್ತಿ ನೋಡುತ್ತಿದ್ದರು. 11 ಕಡೆ ನೋವಾದರೆ ಈ ಕಾಯಿಲೆ ಅಂತ. 2010ರಲ್ಲಿ ಅದು ಬದಲಾಯಿತು. ಈಗ ದೇಹವನ್ನು 19 ಭಾಗ ಮಾಡಿ ಕಳೆದ ವಾರ ಎಲ್ಲೆಲ್ಲಿ ನೋವಿತ್ತು ಎಂದು ಕೇಳುತ್ತಾರೆ. ಜೊತೆಗೆ ಸುಸ್ತು ಎಷ್ಟು, ನಿದ್ದೆಯಿಂದ ಹೇಗೆ ಏಳುತ್ತೀರಿ, ನೆನಪು ಹೇಗಿದೆ ಎಂದು ಅಂಕ ಹಾಕುತ್ತಾರೆ. ಇದೆಲ್ಲ ಕನಿಷ್ಠ 3 ತಿಂಗಳಿಂದ ಇರಬೇಕು. ನನಗೆ 19ರಲ್ಲಿ 14 ಬಂತು. ಅಂಕ ಜಾಸ್ತಿ ಬಂದದ್ದಕ್ಕೆ ಸಮಾಧಾನವಾದದ್ದು ಜೀವನದಲ್ಲಿ ಅದೊಂದೇ ಸಲ, ಯಾಕೆಂದರೆ ಮೊದಲ ಸಲ ನನ್ನ ನೋವು ಒಂದು ಕಾಗದದ ಮೇಲೆ ಇತ್ತು.

ಹಾಗಾದರೆ ನೋವು ಎಲ್ಲಿಂದ ಬರುತ್ತದೆ? ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದು ಅರ್ಥವಾದ ಮೇಲೆಯೇ ನನಗೆ ಉಳಿದದ್ದೆಲ್ಲ ಮಾಡಲು ಸಾಧ್ಯವಾಯಿತು. ನೂರು ವರ್ಷಕ್ಕೂ ಹಿಂದೆ, 1904ರಲ್ಲಿ, ಲಂಡನ್ನಿನ ವಿಲಿಯಂ ಗೋವರ್ಸ್ ಎಂಬ ಡಾಕ್ಟರು ಇದಕ್ಕೆ ಫೈಬ್ರೊಸೈಟಿಸ್ ಅಂತ ಹೆಸರಿಟ್ಟರು. ಮಾಂಸಖಂಡದ ನಾರುಗಳಲ್ಲಿ ಉರಿಯೂತ ಇದೆ ಅಂತ ಅವರ ಊಹೆ. ಆಮೇಲೆ ಎಷ್ಟು ಹುಡುಕಿದರೂ ಉರಿಯೂತ ಸಿಗಲಿಲ್ಲ. ಹಾಗಾಗಿ 1976ರ ಹೊತ್ತಿಗೆ ಹೆಸರನ್ನೇ ಬದಲಿಸಿದರು. ಮಾಂಸಖಂಡದಲ್ಲಿ ಗಾಯ ಇಲ್ಲ, ಕೀಲಿನಲ್ಲಿ ಸವೆತ ಇಲ್ಲ. ಆದರೆ ಅಲ್ಲಿಂದ ಬರುವ ಸುದ್ದಿಯನ್ನು ಕೇಳಿಸಿಕೊಳ್ಳುವ ಬೆನ್ನುಹುರಿ, ಮೆದುಳು ಇವೆಯಲ್ಲ, ಅಲ್ಲಿ ಸದ್ದು ಜಾಸ್ತಿಯಾಗಿದೆ. ರೇಡಿಯೋದ ವಾಲ್ಯೂಮ್ ಪೂರ್ತಿ ತಿರುಗಿಸಿಟ್ಟ ಹಾಗೆ. ಸುದ್ದಿ ಓದುವವರು ಮೆತ್ತಗೆ ಓದಿದರೂ ಮನೆಯಲ್ಲಿ ಕಿರುಚಿದ ಹಾಗೆ ಕೇಳುತ್ತದೆ. 2002ರಲ್ಲಿ ಒಂದು ಪ್ರಯೋಗ ಮಾಡಿದರು. ಈ ಕಾಯಿಲೆ ಇರುವವರನ್ನೂ ಇಲ್ಲದವರನ್ನೂ ಎಂಆರ್‌ಐ ಯಂತ್ರದಲ್ಲಿ ಮಲಗಿಸಿ ಹೆಬ್ಬೆರಳಿನ ಉಗುರನ್ನು ಒತ್ತಿದರು. ಅಷ್ಟೇ ಒತ್ತಡಕ್ಕೆ ನಮ್ಮಂಥವರ ಮೆದುಳಿನಲ್ಲಿ ನೋವಿನ ಜಾಗಗಳು ಎಷ್ಟೋ ಹೆಚ್ಚು ಎಚ್ಚೆತ್ತಿದ್ದವು.

ಅಂದರೆ ಇದು ಸುಳ್ಳು ನೋವಲ್ಲ. ಮನಸ್ಸಿನಲ್ಲಿ ಹುಟ್ಟಿಸಿಕೊಂಡದ್ದೂ ಅಲ್ಲ. ಯಂತ್ರಕ್ಕೆ ಕಂಡ ನೋವು. ಇದನ್ನು ನಾನು ನಮ್ಮನೆಯವರಿಗೆ ಎರಡು ಸಲ ಓದಿ ಹೇಳಿದೆ.

ಇದರ ಇನ್ನೊಂದು ಅರ್ಥವೂ ಇದೆ, ಅದು ನನಗೆ ಹಿಡಿಯಲು ತಡವಾಯಿತು. ನೋವಾಗುತ್ತಿದೆ ಅಂದರೆ ಅಲ್ಲಿ ಏನೋ ಹರಿಯುತ್ತಿದೆ, ಒಡೆಯುತ್ತಿದೆ ಅಂತ ಅರ್ಥವಲ್ಲ. ನಡೆದರೆ ಮಂಡಿ ಹಾಳಾಗುತ್ತದೆ ಅಂತ ಹೆದರಿ ನಾನು ನಡೆಯುವುದನ್ನೇ ಬಿಟ್ಟಿದ್ದೆ. ಬಿಟ್ಟಷ್ಟೂ ಮೈ ಸೋತಿತು, ಸೋತಷ್ಟೂ ನೋವು ಏರಿತು.

ನಿದ್ದೆಯ ವಿಷಯಕ್ಕೂ ಒಂದು ಹಳೆಯ ಪ್ರಯೋಗ ಇದೆ. 1975ರಲ್ಲಿ ಕೆನಡಾದ ಟೊರೊಂಟೊದಲ್ಲಿ ಹಾರ್ವೆ ಮೊಲ್ಡೊಫ್ಸ್ಕಿ ಎಂಬ ಡಾಕ್ಟರು ಮತ್ತು ಅವರ ಜೊತೆಯವರು ಆರೋಗ್ಯವಾಗಿದ್ದವರನ್ನು ಮಲಗಿಸಿ, ಗಾಢ ನಿದ್ದೆಗೆ ಜಾರಿದಾಗಲೆಲ್ಲ ಸದ್ದು ಮಾಡಿ ಆ ನಿದ್ದೆಯನ್ನು ಕೆಡಿಸಿದರು. ಕೆಲವೇ ರಾತ್ರಿಗಳಲ್ಲಿ ಅವರಿಗೂ ಮೈಕೈ ನೋವು, ಸುಸ್ತು ಶುರುವಾಯಿತು. ಹಸುಗೂಸು ಇರುವ ತಾಯಂದಿರಿಗೆ ಇದನ್ನು ಯಾರೂ ಪ್ರಯೋಗ ಮಾಡಿ ತೋರಿಸಬೇಕಾಗಿಲ್ಲ. ನನಗೆ ಕತ್ತು ನೋವು ಶುರುವಾಗುವ ಮುಂಚಿನ ಏಳು ತಿಂಗಳು ಅಮ್ಮ ಹಾಸಿಗೆ ಹಿಡಿದಿದ್ದರು, ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಅವರನ್ನು ಮಗ್ಗುಲು ತಿರುಗಿಸುತ್ತಿದ್ದೆ. ಅದೇ ಕಾರಣ ಅಂತ ಹೇಳಲು ಬರುವುದಿಲ್ಲ. ಆದರೆ ಡಾಕ್ಟರು ಅದನ್ನು ಕೇಳಿ ಬರೆದುಕೊಂಡರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಡಾಕ್ಟರು ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬನ್ನಿ ಅಂದರು. ಎಡಗಡೆ ಏನೇನು ಕೆಲಸ ಮಾಡಿದೆ, ಬಲಗಡೆ ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು. ನಾನು ಗಣಿತದವಳು, ಸುಮ್ನೆ ಪಟ್ಟಿ ನೋಡಿದರೆ ಸಾಲದು ಅಂತ ಗ್ರಾಫ್ ಹಾಳೆಯ ಮೇಲೆ ಎರಡು ಗೆರೆ ಎಳೆದೆ. ಕೆಲಸಕ್ಕೆ ನೀಲಿ, ನೋವಿಗೆ ಕೆಂಪು. ಕೆಲಸ ಜಾಸ್ತಿಯಾದ ದಿನ ನೋವು ಏರಿರುತ್ತದೆ ಅಂದುಕೊಂಡಿದ್ದೆ. ಹಾಗಿರಲಿಲ್ಲ. ನೀಲಿ ಗೆರೆ ಮೇಲಿದ್ದ ದಿನ ಕೆಂಪು ಕೆಳಗೇ ಇತ್ತು. ಎರಡು ದಿನ ಬಿಟ್ಟು ಕೆಂಪು ಏರಿತ್ತು. ಭಾನುವಾರ ವಾರದ ಬಟ್ಟೆಯೆಲ್ಲ ಒಗೆದು, ದೋಸೆಹಿಟ್ಟು ರುಬ್ಬಿ, ಸಂತೆಗೆ ಹೋಗಿ ಬಂದಿದ್ದೆ. ಮಂಗಳವಾರ ಎಂಟು. ಬುಧವಾರ ಎಂಟು. ಗುರುವಾರದಿಂದ ಇಳಿದು ಶನಿವಾರ ಮೂರಕ್ಕೆ ಬಂತು. ಮೂರಕ್ಕೆ ಬಂದ ಕೂಡಲೇ, ಉಳಿದುಹೋದ ಕೆಲಸವನ್ನೆಲ್ಲ ಸೇರಿಸಿ ಮತ್ತೆ ಭಾನುವಾರ ಮಾಡಿದ್ದೆ. ಎರಡನೆಯ ವಾರ ಮೊದಲ ವಾರದ ಪಡಿಯಚ್ಚು.

ಆ ಹಾಳೆಯನ್ನು ನೋಡುತ್ತ ತುಂಬ ಹೊತ್ತು ಕೂತಿದ್ದೆ. ನನ್ನನ್ನು ಕೆಡವುತ್ತಿದ್ದದ್ದು ಕೆಟ್ಟ ದಿನಗಳಲ್ಲ, ಒಳ್ಳೆಯ ದಿನಗಳು.

ಆವತ್ತಿನಿಂದ ಲೆಕ್ಕ ಬದಲಾಯಿತು. ತುಂಬ ನೋವಿರುವ ದಿನವೂ, ಮಾರನೆಯ ದಿನ ಜಾಸ್ತಿಯಾಗದ ಹಾಗೆ ಎಷ್ಟು ನಡೆಯಬಹುದು ಅಂತ ನೋಡಿದೆ. ಹತ್ತು ನಿಮಿಷ. ಅದರಿಂದಲೂ ಕಡಿಮೆ ಮಾಡಿ ಏಳು ನಿಮಿಷಕ್ಕೆ ಇಟ್ಟೆ. ದಿನಾ ಏಳು ನಿಮಿಷ, ಮನೆಯಿಂದ ಹಾಲಿನ ಬೂತಿನ ತನಕ ಹೋಗಿ ಬರುವುದು. ನೋವಿದ್ದರೂ ಏಳು, ಇಲ್ಲದಿದ್ದರೂ ಏಳು. ಇಲ್ಲದ ದಿನ ಏಳಕ್ಕೆ ನಿಲ್ಲಿಸುವುದು ಎಷ್ಟು ಕಷ್ಟ ಗೊತ್ತಾ? ಕಾಲು ಮುಂದಕ್ಕೆ ಹೋಗುತ್ತದೆ, ಗಾಳಿ ಚೆನ್ನಾಗಿದೆ, ಪರಿಚಯದವರು ಸಿಕ್ಕಿ "ಬನ್ನಿ ಟೀಚರ್, ಪಾರ್ಕ್ ತನಕ ಹೋಗೋಣ" ಅನ್ನುತ್ತಾರೆ. ತಿರುಗಿ ಬರಬೇಕು. ವಾರಕ್ಕೆ ಒಂದು ನಿಮಿಷ ಸೇರಿಸುತ್ತ ಹೋದೆ. ನಡುವೆ ನೋವು ಏರಿದಾಗ ಹಿಂದಕ್ಕೆ ಬಂದೆ, ಮತ್ತೆ ಸೇರಿಸಿದೆ. ಮೂವತ್ತು ನಿಮಿಷ ಮುಟ್ಟಲು ಹತ್ತು ತಿಂಗಳು ಬೇಕಾಯಿತು. 2017ರಲ್ಲಿ ಯುರೋಪಿನ ತಜ್ಞರು ಸೇರಿ ಈ ಕಾಯಿಲೆಗಿರುವ ಚಿಕಿತ್ಸೆಗಳನ್ನೆಲ್ಲ ತೂಗಿ ನೋಡಿದಾಗ, ಮಾಡಲೇಬೇಕು ಅಂತ ಗಟ್ಟಿಯಾಗಿ ಹೇಳಿದ್ದು ವ್ಯಾಯಾಮ ಒಂದಕ್ಕೇ. ಯಾವ ಮಾತ್ರೆಗೂ ಅಷ್ಟು ಗಟ್ಟಿಯಾಗಿ ಹೇಳಲಿಲ್ಲ. ಆದರೆ "ವ್ಯಾಯಾಮ ಮಾಡಿ" ಅಂತ ಹೇಳಿ ಕಳಿಸಿದರೆ ನನ್ನಂಥವರು ಮೊದಲ ದಿನವೇ ಒಂದು ಗಂಟೆ ಮಾಡಿ ವಾರ ಮಲಗುತ್ತೇವೆ. ಎಷ್ಟರಿಂದ ಶುರು ಮಾಡಬೇಕು ಅನ್ನುವುದನ್ನು ಯಾರಾದರೂ ಹೇಳಬೇಕು. ಅದಕ್ಕೇ ಇಷ್ಟು ಬಿಡಿಸಿ ಬರೆದೆ.

ಮನೆಗೆಲಸಕ್ಕೂ ಇದೇ ಲೆಕ್ಕ. ಚಪಾತಿ ಹಿಟ್ಟು ಕಲಸುವುದನ್ನು ನಮ್ಮನೆಯವರು ತೆಗೆದುಕೊಂಡರು. ಬಟ್ಟೆ ದಿನಾ ಸ್ವಲ್ಪ. ತೆಂಗಿನಕಾಯಿ ತುರಿಯುವುದು ನನಗೆ ಅತಿ ಕಷ್ಟದ ಕೆಲಸ, ಹಾಗಾಗಿ ಮಗಳು ಭಾನುವಾರ ತುರಿದು ಫ್ರಿಜ್ಜಿನಲ್ಲಿ ಇಡುತ್ತಾಳೆ. ತರಕಾರಿಯನ್ನು ಕೂತು ಹೆಚ್ಚುತ್ತೇನೆ, ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಟು. ಅಲಾರಂ ಹೊಡೆದಾಗ ಬೀನ್ಸ್ ಅರ್ಧ ಉಳಿದಿದ್ದರೂ ಏಳುತ್ತೇನೆ. ಸ್ಕೂಲಿನಲ್ಲಿ ಹೆಡ್‌ಮಾಸ್ಟರ ಹತ್ತಿರ ಡಾಕ್ಟರ ಚೀಟಿ ತೋರಿಸಿ ಮಾತಾಡಿದೆ. ಕ್ಲಾಸಿನಲ್ಲಿ ಎತ್ತರದ ಸ್ಟೂಲ್ ಇಟ್ಟುಕೊಂಡಿದ್ದೇನೆ. ಲೆಕ್ಕ ನಾನು ಹೇಳುತ್ತೇನೆ, ಬೋರ್ಡಿನ ಮೇಲಿನ ಅರ್ಧದಲ್ಲಿ ಮಕ್ಕಳೇ ಬರೆಯುತ್ತಾರೆ. ನಿಜ ಹೇಳಬೇಕೆಂದರೆ ಅವರು ಮೊದಲಿಗಿಂತ ಚೆನ್ನಾಗಿ ಕಲಿಯುತ್ತಿದ್ದಾರೆ.

ಮಾತ್ರೆಗಳ ಬಗ್ಗೆ ತುಂಬ ಜನ ಕೇಳುತ್ತಾರೆ. ನನಗೆ ರಾತ್ರಿ ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ ಕೊಟ್ಟರು. ನೆಟ್‌ನಲ್ಲಿ ನೋಡಿದರೆ ಖಿನ್ನತೆಯ ಮಾತ್ರೆ ಅಂತ ಬರುತ್ತದೆ. ನಮ್ಮನೆಯವರು ಅದನ್ನು ಓದಿ ಗಾಬರಿಯಾದರು. ಖಿನ್ನತೆಗೆ ಕೊಡುವ ಪ್ರಮಾಣ ಇದಕ್ಕಿಂತ ತುಂಬ ಜಾಸ್ತಿ, ಇಷ್ಟು ಕಡಿಮೆ ಕೊಡುವುದು ನಿದ್ದೆ ಆಳವಾಗಲಿ, ನೋವಿನ ಸದ್ದು ಇಳಿಯಲಿ ಅಂತ. ಮೊದಲ ಎರಡು ವಾರ ಬಾಯಿ ಒಣಗುತ್ತಿತ್ತು, ಬೆಳಿಗ್ಗೆ ಮಂಪರು. ಆಮೇಲೆ ಸರಿಹೋಯಿತು. ಪ್ರಿಗ್ಯಾಬಲಿನ್ ಕೂಡ ಸ್ವಲ್ಪ ಕಾಲ ಕೊಟ್ಟರು. ಅಮೆರಿಕದಲ್ಲಿ ಈ ಕಾಯಿಲೆಗೆಂದೇ ಮೊದಲು ಒಪ್ಪಿಗೆ ಸಿಕ್ಕಿದ್ದು ಅದಕ್ಕೆ, 2007ರಲ್ಲಿ. ಮಾರನೆಯ ವರ್ಷ ಡ್ಯುಲೊಕ್ಸೆಟಿನ್‌ಗೆ. ನನಗೆ ಪ್ರಿಗ್ಯಾಬಲಿನ್ ಆಗಿಬರಲಿಲ್ಲ, ಪಾದ ಊದಿಕೊಂಡಿತು. ಡಾಕ್ಟರು ಹಂತಹಂತವಾಗಿ ಕಡಿಮೆ ಮಾಡಿ ನಿಲ್ಲಿಸಿದರು. ದಯವಿಟ್ಟು ಇವುಗಳನ್ನು ನೀವೇ ಒಂದೇ ಸಲ ನಿಲ್ಲಿಸಬೇಡಿ, ನೀವೇ ಶುರುವೂ ಮಾಡಬೇಡಿ. ಒಬ್ಬರಿಗೆ ಆದದ್ದು ಇನ್ನೊಬ್ಬರಿಗೆ ಆಗುವುದಿಲ್ಲ.

ನನಗೆ ಸಿಟ್ಟು ಬರುವುದು ಆ ಮೂರು ವರ್ಷ ನುಂಗಿದ ನೋವಿನ ಮಾತ್ರೆಗಳ ಮೇಲೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೆಲಸ ಮಾಡುವುದು ಉರಿಯೂತ ಇರುವಲ್ಲಿ. ಇಲ್ಲಿ ಅದೇ ಇಲ್ಲವಲ್ಲ. ಹೊಟ್ಟೆ ಉರಿ ಬಂತು, ನೋವು ಹೋಗಲಿಲ್ಲ. ಯಾರೋ ಸಂಬಂಧಿಕರು ಹೆಸರಿಲ್ಲದ ಪೊಟ್ಟಣದಲ್ಲಿ ಪುಡಿಯನ್ನೂ ತಂದುಕೊಟ್ಟಿದ್ದರು. ಡಾಕ್ಟರು ಅದನ್ನು ಕೂಡಲೇ ಬಿಡಿ ಅಂದರು. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಎಷ್ಟೋ ಸಲ ಸಿಕ್ಕಿದೆಯಂತೆ. ಈ ಕಾಯಿಲೆಗೆ ಸ್ಟೀರಾಯ್ಡಿನಿಂದ ಉಪಯೋಗವೂ ಇಲ್ಲ.

ಅತ್ತೆ ಶನಿವಾರ ಹಚ್ಚುವ ಎಳ್ಳೆಣ್ಣೆ, ಹಂಡೆಯ ಬಿಸಿನೀರು ಮಾತ್ರ ನಾನು ಯಾರ ಮಾತಿಗೂ ಬಿಡುವುದಿಲ್ಲ. ಕಾಯಿಲೆ ವಾಸಿಯಾಗುವುದಿಲ್ಲ ನಿಜ. ಆದರೆ ಆ ಸಂಜೆ ಮೈ ಸಡಿಲವಾಗುತ್ತದೆ, ರಾತ್ರಿ ನಿದ್ದೆ ಬರುತ್ತದೆ. ಮೆತ್ತಗೆ ಹಚ್ಚಬೇಕು, ತಿಕ್ಕಬಾರದು. ಇದು ಅವರಿಗೆ ಈಗ ಗೊತ್ತಿದೆ. ಮೊದಲು "ಗಾಯ ಆಗಿದ್ದರೆ ಕಾಣುತ್ತಿತ್ತಲ್ಲ" ಅನ್ನುತ್ತಿದ್ದವರು ಅವರೇ. ಅವರ ಮೇಲೆ ನನಗೆ ಬೇಜಾರಿಲ್ಲ. ಆರು ಮಕ್ಕಳನ್ನು ಹೆತ್ತು, ಒರಳಿನಲ್ಲಿ ರುಬ್ಬಿ, ಬಾವಿಯಿಂದ ನೀರು ಸೇದಿದವರು. ಒಂದು ದಿನ ಎಣ್ಣೆ ಹಚ್ಚುತ್ತ ಅವರೇ ಹೇಳಿದರು, "ನಮ್ಮ ಅತ್ತೆಗೂ ಹೀಗೇ ಇತ್ತು ಕಣೇ. ಸೋಮಾರಿ ಅಂತ ಎಲ್ಲರೂ ಅಂದುಕೊಂಡಿದ್ವಿ." ನಾನು ಏನೂ ಹೇಳಲಿಲ್ಲ. ನೋಡಿರದ ಆ ಅಜ್ಜಿಯನ್ನು ಆ ರಾತ್ರಿ ತುಂಬ ಹೊತ್ತು ನೆನೆದೆ.

ಇದನ್ನು ಓದಿ ನಿಮ್ಮ ಮೈಕೈ ನೋವೂ ಇದೇ ಅಂತ ತೀರ್ಮಾನ ಮಾಡಿಕೊಳ್ಳಬೇಡಿ, ಒಮ್ಮೆ ತೋರಿಸಿ. ಕೀಲು ಊದಿಕೊಂಡರೆ, ಜ್ವರ ಬಿಡದಿದ್ದರೆ, ತೂಕ ಇಳಿಯುತ್ತಿದ್ದರೆ, ಕೈಕಾಲಿನ ಬಲವೇ ಹೋಗುತ್ತಿದ್ದರೆ ಅದು ಬೇರೆ ಏನೋ ಆಗಿರಬಹುದು, ತಡಮಾಡಬಾರದು. ಫೈಬ್ರೊಮಯಾಲ್ಜಿಯಾ ಇದೆ ಅಂತ ಗೊತ್ತಾದ ಮೇಲೂ ಬೇರೆ ಕಾಯಿಲೆ ಬರಬಹುದು, ಎರಡೂ ಒಟ್ಟಿಗೆ ಇರಬಹುದು. ಹೊಸ ತರಹದ ನೋವು ಬಂದರೆ ಅದನ್ನೂ ಇದರ ಲೆಕ್ಕಕ್ಕೆ ಹಾಕಿ ಸುಮ್ಮನಾಗಬೇಡಿ.

ಪೂರ್ತಿ ಹೋಗುತ್ತದಾ ಅಂತ ಮಗಳು ಕೇಳಿದ್ದಳು. ಹೋಗದೆ ಇರಬಹುದು ಅಂತ ಹೇಳಿದೆ. ಜೀವಕ್ಕೆ ಅಪಾಯ ಇಲ್ಲ, ಕೈಕಾಲು ಸೊಟ್ಟಗಾಗುವುದಿಲ್ಲ ಅಂತಲೂ ಹೇಳಿದೆ. ಅವಳು ಈಗ ಮತ್ತೆ ತಬ್ಬಿಕೊಳ್ಳುತ್ತಾಳೆ, ಮುಂದಿನಿಂದ ಬಂದು, ಮೊದಲು ನನ್ನ ಮುಖ ನೋಡಿ.

ನನಗೆ ಮಲೆನಾಡಿನ ಮಳೆಗಾಲ ಕಷ್ಟ. ಈ ವರ್ಷ ಎರಡು ಸಲ ನೋವು ಏರಿತು. ಮೊದಲನೆಯದು ಐದು ದಿನಕ್ಕೆ ಇಳಿಯಿತು, ಎರಡನೆಯದು ಹನ್ನೊಂದು ದಿನ ಹಿಡಿಯಿತು. ಅಷ್ಟೂ ದಿನ ನಡಿಗೆ ಬಿಟ್ಟುಹೋಗಿತ್ತು. ನಿನ್ನೆಯಿಂದ ಮತ್ತೆ ಏಳು ನಿಮಿಷಕ್ಕೆ ಶುರು ಮಾಡಿದ್ದೇನೆ, ಹಾಲಿನ ಬೂತಿನ ತನಕ.